ಅದು ಇನ್ನೂ ರಿಲೀಸ್ ಆಗಿಲ್ವಂತೆ!

ಭಾನುವಾರ ಬೆಳಿಗ್ಗೆ ಕಬ್ಬನ್ ಪಾರ್ಕಿಗೆ ಹೋಗಿ ಸಿಟ್ಟು ಮಾಡಿಕೊಂಡು ಬಂದವನು ನಾನೊಬ್ಬನೇ ಇರಬೇಕು.

ನನ್ನ ಹುಚ್ಚು ನಿಮಗೆ ಗೊತ್ತೇ ಇದೆ. ಇಸ್ಪೀಟ್ ಆಡುವುದಿಲ್ಲ, ಜಾದೂ ಮಾಡುವುದಿಲ್ಲ. ಸುಮ್ನೆ ಪ್ಯಾಕ್ ಹಿಡಿದು ಬೆರಳಲ್ಲಿ ಒಡೆದು, ತಿರುಗಿಸಿ, ಮತ್ತೆ ಸೇರಿಸುತ್ತೇನೆ. ಕಾರ್ಡಿಸ್ಟ್ರಿ. (ಅಳಿಯ ರಮ್ಮಿಯಲ್ಲಿ ಸಂಬಳ ಕಳೆಯುತ್ತಿದ್ದಾನೆ ಅಂತ ನಮ್ಮ ಮಾವನವರಿಗೆ ಈಗಲೂ ಅನುಮಾನ.)

ಬ್ಯಾಂಡ್‌ಸ್ಟ್ಯಾಂಡ್ ಹತ್ತಿರ ನಾಲ್ಕೈದು ಜನ ಸೇರಿದ್ದೆವು. ಹದಿನೈದು ಹದಿನಾರರ ಹುಡುಗನೊಬ್ಬ ಬಂದು ನಿಂತ. ಕೈಯಲ್ಲಿ ಅಂಚೆಲ್ಲ ಕಪ್ಪಾದ ನೀಲಿ ಪ್ಯಾಕ್. ನಮ್ಮ ಸೀನಿಯರ್ ಒಬ್ಬ ಎರಡು ಕೈಯ ಕಟ್ (ಪ್ಯಾಕ್ ಒಡೆದು, ತಿರುಗಿಸಿ, ಸೇರಿಸುವ ಪಟ್ಟು) ಮಾಡಿ ತೋರಿಸಿದ. ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಹುಡುಗ ಬಾಯಿ ಬಿಟ್ಟುಕೊಂಡು ನೋಡಿದ. "ಅಣ್ಣಾ, ಒಂದ್ಸಲ ನಿಧಾನಕ್ಕೆ ಮಾಡ್ತೀರಾ?" ಅಂದ.

ನಮ್ಮವನು ಪ್ಯಾಕನ್ನು ಡಬ್ಬಿಗೆ ತುಂಬಿ ಮುಚ್ಚಳ ಹಾಕಿದ. "ಅದು ಇನ್ನೂ ರಿಲೀಸ್ ಆಗಿಲ್ಲ ಪುಟ್ಟ."

ರಿಲೀಸ್! (ಅಂದರೆ, ಹೇಗೆ ಮಾಡುವುದು ಅಂತ ಇನ್ನೂ ಹೊರಗೆ ಬಿಟ್ಟಿಲ್ಲ.) ಗಾಂಧಿನಗರದಲ್ಲಿ ಕಟೌಟ್ ನಿಲ್ಲಿಸಬೇಕಾ? ಹಾಲಿನ ಅಭಿಷೇಕ ಯಾವ ದಿನ, ಹೇಳಿದರೆ ರಜೆ ಹಾಕುತ್ತೇನೆ.

ಜಾದೂಗಾರ ಮುಚ್ಚಿಟ್ಟರೆ ನನಗೆ ಅರ್ಥವಾಗುತ್ತದೆ. ಲಂಡನ್ನಿನ ಜಾದೂಗಾರರ ಸಂಘ ಮ್ಯಾಜಿಕ್ ಸರ್ಕಲ್ 1905ರಿಂದ ಇದೆ. ಗುಟ್ಟು ಬಯಲು ಮಾಡಿದವರನ್ನು ಹೊರಗೆ ಹಾಕುವ ನಿಯಮ ಅವರದ್ದು. ಸರಿ, ಅಲ್ಲಿ ಗುಟ್ಟು ಹೋದರೆ ಆಟವೇ ಹೋಯಿತು. ನಮ್ಮಲ್ಲಿ ಗುಟ್ಟು ಎಲ್ಲಿದೆ? ಹಾಡಹಗಲಲ್ಲಿ, ಎಲ್ಲರಿಗೂ ಕಾಣಲಿ ಅಂತಲೇ ಮಾಡುವುದು. ಫೋನಲ್ಲಿ ರೆಕಾರ್ಡ್ ಮಾಡಿಕೊಂಡು ನಿಧಾನಕ್ಕೆ ಓಡಿಸಿದರೆ ಕಿರುಬೆರಳು ಎಲ್ಲಿದೆ ಅನ್ನುವುದೂ ಕಾಣುತ್ತದೆ. ಗೊತ್ತಾದ ಮೇಲೂ ಏನು ದಕ್ಕುತ್ತದೆ? ಮೂರು ತಿಂಗಳು ಮಂಚದ ಮೇಲೆ ಕೂತು ಎಲೆ ಬೀಳಿಸಿಕೊಳ್ಳುವ ಯೋಗ. (ಮಂಚವೇ ಯಾಕೆ ಅಂದರೆ, ನೆಲದಿಂದ ಹೆಕ್ಕಿ ಹೆಕ್ಕಿ ಸೊಂಟ ಬಿದ್ದುಹೋಗುತ್ತದೆ.)

ಒಂದು ಗುಟ್ಟು ನಾನೇ ಹೇಳುತ್ತೇನೆ, ಬರೆದುಕೊಳ್ಳಿ. 52 ಎಲೆಯನ್ನು ಸರಿಯಾಗಿ 26–26 ಪಾಲು ಮಾಡಿ. ಒಂದು ಬಿಟ್ಟು ಒಂದು ಹೆಣೆಯಿರಿ, ಮೇಲಿನ ಎಲೆ ಮೇಲೇ ಉಳಿಯಬೇಕು. ಇದು ಫಾರೋ. ಎಂಟು ಸಲ ತಪ್ಪಿಲ್ಲದೆ ಮಾಡಿದರೆ ಇಡೀ ಪ್ಯಾಕ್ ಮೊದಲಿದ್ದ ಕ್ರಮಕ್ಕೇ ಬಂದು ಕೂರುತ್ತದೆ. ಗುಟ್ಟು ಮುಗಿಯಿತು. ಈಗ ಹೋಗಿ ಮಾಡಿ, ನೋಡೋಣ.

ಈ ಮುಚ್ಚಿಡುವ ಚಾಳಿ ಬಂದಿದ್ದು ಜಾದೂವಿನ ಮನೆಯಿಂದ. ಒಂದು ಕಾಲಕ್ಕೆ ಈ ಕಟ್, ಎಲೆಗಳನ್ನು ಬೀಸಣಿಗೆಯಂತೆ ಹರಡುವ ಫ್ಯಾನು ಎಲ್ಲ ಜಾದೂಗಾರನ ಒಗ್ಗರಣೆ ಅಷ್ಟೇ. 2000ದ ಆಸುಪಾಸಿನಲ್ಲಿ ಅಮೆರಿಕದ ಅವಳಿಗಳು ಡ್ಯಾನ್ ಮತ್ತು ಡೇವ್ ಬಕ್ ತರದವರು ಆ ಒಗ್ಗರಣೆಯನ್ನೇ ಊಟವನ್ನಾಗಿ ಮಾಡಿದರು. ಮನೆ ಬೇರೆಯಾಯಿತು. ಹಳೇ ಮನೆಯ ಬೀಗದ ಕೈ ಮಾತ್ರ ಇನ್ನೂ ನಮ್ಮ ಸೊಂಟದಲ್ಲೇ ನೇತಾಡುತ್ತಿದೆ.

ಮಜಾ ಏನು ಗೊತ್ತಾ? ಭಾನುವಾರ ನಮ್ಮವನು ಮಾಡಿದ್ದರ ಮೊದಲರ್ಧ ಸಿಬಿಲ್! ಅಮೆರಿಕದ ಜಾದೂಗಾರ ಕ್ರಿಸ್ ಕೆನ್ನರ್ 1992ರಲ್ಲೇ ತನ್ನ ಪುಸ್ತಕದಲ್ಲಿ ಬರೆದು ಊರಿಗೆಲ್ಲ ಹಂಚಿದ ಕಟ್. ಇವತ್ತು ಎರಡು ಕೈಯ ಕಟ್ ಮಾಡುವವರಲ್ಲಿ ಅದರ ಋಣ ಇಲ್ಲದವರು ಕಡಿಮೆ. ಆ ಪುಣ್ಯಾತ್ಮ "ಇನ್ನೂ ರಿಲೀಸ್ ಆಗಿಲ್ಲ ಪುಟ್ಟ" ಅಂದಿದ್ದರೆ ನಮ್ಮ ಸೀನಿಯರ್ ಇವತ್ತು ನಿಜವಾಗಲೂ ರಮ್ಮಿ ಎಲೆ ಕಲೆಸುತ್ತಾ ಕೂತಿರುತ್ತಿದ್ದ.

ಗೊತ್ತು, ಗೊತ್ತು. "ಆರು ತಿಂಗಳು ಬೆರಳು ಸವೆಸಿ ಕಟ್ಟಿದ್ದನ್ನು ಇನ್ನೊಬ್ಬ ಎರಡು ದಿನದಲ್ಲಿ ತನ್ನದೇ ಅಂತ ಹಾಕಿಕೊಳ್ಳುತ್ತಾನೆ" ಅಂತೀರಿ. ಹಾಕಿಕೊಳ್ಳುತ್ತಾರೆ, ಅಂಥವರಿಗೆ ಬರಗಾಲವಿಲ್ಲ. ದುಡ್ಡು ತಗೊಂಡು ಕಲಿಸಿ, ನನ್ನ ತಕರಾರಿಲ್ಲ, ನಾನೇ ಕೊಟ್ಟು ಕಲಿತಿದ್ದೇನೆ. ಆದರೆ ಮುಚ್ಚಿಟ್ಟರೆ ಕಳ್ಳನಿಗೇ ಸುಲಭ ಅಲ್ವಾ? ಬಹಿರಂಗವಾಗಿ ಕಲಿಸಿದ್ದರೆ ನಾಲ್ಕು ಜನ ನಿಮ್ಮ ಪರ ಸಾಕ್ಷಿ ಹೇಳುತ್ತಾರೆ. ಡಬ್ಬಿಯಲ್ಲಿ ಇಟ್ಟಿದ್ದಕ್ಕೆ ಯಾರು ಸಾಕ್ಷಿ? ಒಂದೇ ಕೈಯಲ್ಲಿ ಮಾಡುವ ಚಾರ್ಲಿಯರ್ ಕಟ್ ನೋಡಿ. ನಾವೆಲ್ಲ ಮೊದಲು ಕಲಿಯುವುದೇ ಅದು. ನೂರು ವರ್ಷಕ್ಕೂ ಹಿಂದಿನ ಜಾದೂಗಾರನ ಹೆಸರದು, ಇವತ್ತಿಗೂ ಅವನ ಹೆಸರಲ್ಲೇ ಇದೆ.

ಧನುರ್ಮಾಸದಲ್ಲಿ ನಮ್ಮ ಅಮ್ಮ ಹಾಲು ತರಲು ಹೋದರೆ ಬೇಗ ಬರುತ್ತಿರಲಿಲ್ಲ. ಎದುರುಮನೆ ಬಾಗಿಲಲ್ಲಿ ನಿಂತುಬಿಡುತ್ತಿದ್ದರು. "ಎಷ್ಟು ಚುಕ್ಕಿ ರೀ?" "ಹದಿನೈದರಿಂದ ಎಂಟಕ್ಕೆ ರೀ, ಸಂದು ಚುಕ್ಕಿ." ಮಾರನೇ ದಿನ ನಮ್ಮ ಬಾಗಿಲಲ್ಲೂ ಅದೇ ರಂಗೋಲಿ, ಒಂದು ಎಳೆ ಆಚೆ ಈಚೆ. ಅಮ್ಮನ ನೋಟ್‌ಬುಕ್ಕಿನಲ್ಲಿ ಪ್ರತಿ ರಂಗೋಲಿಯ ಕೆಳಗೂ ಪೆನ್ಸಿಲ್ಲಿನಲ್ಲಿ ಬರೆದಿದೆ: 'ಎದುರುಮನೆಯವರದ್ದು', 'ತಿಪಟೂರು ಅತ್ತಿಗೆಯದ್ದು'. ಕ್ರೆಡಿಟ್ ಕ್ರೆಡಿಟ್ ಅಂತ ನೀವು ರಾತ್ರಿಯಿಡೀ ಜಗಳ ಆಡುತ್ತೀರಲ್ಲ, ನಮ್ಮ ಬೀದಿಯ ಹೆಂಗಸರಿಗೆ ಅದಕ್ಕೆ ಒಂದು ಪೆನ್ಸಿಲ್ ಸಾಕಾಗಿತ್ತು.

ನಾನೇನೂ ಸಾಚಾ ಅಲ್ಲ. ಐದಾರು ವರ್ಷದ ಹಿಂದೆ ಒಂದು ಕಟ್ 'ಕಂಡುಹಿಡಿದು' ವರ್ಷವಿಡೀ ಬಚ್ಚಿಟ್ಟಿದ್ದೆ. ಹೆಬ್ಬೆರಳು ಕಾಣದ ಹಾಗೆ ಫೋನ್ ಇಟ್ಟು ವಿಡಿಯೋ ಮಾಡುತ್ತಿದ್ದೆ. ಹೇಗೆ ಅಂತ ಕೇಳಿದವರಿಗೆ ಒಂದು ನಗುವ ಇಮೋಜಿ. ಕೊನೆಗೆ ಗೆಳೆಯನೊಬ್ಬ ಹಳೇ ಡಿವಿಡಿ ಹಾಕಿ ತೋರಿಸಿದ. ಅದೇ ಕಟ್. ನನ್ನದಕ್ಕಿಂತ ನೀಟಾಗಿ. ಇಡೀ ವರ್ಷ ಪಕ್ಕದ ಮನೆ ತೆಂಗಿನಮರಕ್ಕೆ ಕಾವಲು ಕೂತಿದ್ದೆ.

ಅದಕ್ಕಿಂತ ನಾಚಿಕೆ ಈ ಭಾನುವಾರದ್ದು. ಸಿಬಿಲ್ ನನಗೂ ಬರುತ್ತದೆ. ಹುಡುಗನನ್ನು ಪಕ್ಕಕ್ಕೆ ಕೂರಿಸಿಕೊಂಡು ತೋರಿಸಬಹುದಿತ್ತು. ಸೀನಿಯರ್ ಮುಖ ಸಣ್ಣದಾಗುತ್ತದೆ ಅಂತ ನಾನೂ ಬಾಯಿ ಮುಚ್ಚಿಕೊಂಡೆ. ಮನಸ್ಸು ತಡೆಯದೆ ಎದ್ದು ಮೆಟ್ರೋ ಕಡೆ ಹೋಗುವಷ್ಟರಲ್ಲಿ ಅವನಿರಲಿಲ್ಲ. ಹೆಸರೂ ಕೇಳಿರಲಿಲ್ಲ.

ಸೀನಿಯರ್ ಇದನ್ನು ಓದುತ್ತಾನೆ. ಓದಲಿ.

ಆ ಹುಡುಗನ ಗುರುತು ಯಾರಿಗಾದರೂ ಇದ್ದರೆ ತಿಳಿಸಿ. ಬರುವ ಭಾನುವಾರ ಏಳೂವರೆಗೆ ಅದೇ ಜಾಗದಲ್ಲಿ ಇರುತ್ತೇನೆ. ಹೊಸ ಪ್ಯಾಕ್ ತರುತ್ತೇನೆ, ಅವನದ್ದು ತುಂಬಾ ಸವೆದಿತ್ತು. ಎಷ್ಟು ಬೇಕಾದರೂ ನಿಧಾನಕ್ಕೆ ಮಾಡುತ್ತೇನೆ.