ಮೇಷ್ಟ್ರೇ, ಬಿಡುವಿದ್ದರೆ ಪಾಠವನ್ನೂ ಮಾಡಿ

ಶಾಲೆಯ ಮೇಷ್ಟ್ರಿಗೆ ಮೂರೇ ಮೂರು ಹೊರಗೆಲಸ ಕೊಡಬಹುದು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಹೇಳುತ್ತದೆ. ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ. ಅಷ್ಟೇ. ಪಾಪ, ಬರೆದವರಿಗೆ ನಮ್ಮ ಅಧಿಕಾರಿಗಳ ಪ್ರತಿಭೆ ಗೊತ್ತಿರಲಿಲ್ಲ.

2025ರ ಸೆಪ್ಟೆಂಬರ್ 22ಕ್ಕೆ ಶುರುವಾದದ್ದನ್ನೇ ನೋಡಿ. ಊರವರ ಬಾಯಲ್ಲಿ ಅದು ಜಾತಿಗಣತಿ, ಕಡತದಲ್ಲಿ ಸಮೀಕ್ಷೆ. ದಸರಾ ರಜೆಯಲ್ಲಿ ಮಾಡಿಸಿದರೆ ಪಾಠಕ್ಕೇನೂ ತೊಂದರೆಯಿಲ್ಲ, ಹೋಗುವುದು ಮೇಷ್ಟ್ರ ರಜೆ ತಾನೇ? ಅಕ್ಟೋಬರ್ 7ಕ್ಕೆ ಮುಗಿಯಲಿಲ್ಲ. ಸರಿ, ರಜೆಯನ್ನೇ 18ರವರೆಗೆ ಎಳೆದರು. ಮೇಷ್ಟ್ರಿಗೆ ಶಾಲೆಗೆ ಬರಲು ಪುರುಸೊತ್ತಿಲ್ಲ ಎಂದರೆ ಶಾಲೆಯನ್ನೇ ಮುಚ್ಚುವುದು. ಎಂಥಾ ತಲೆ ಅಲ್ವಾ!

ಕೆಲಸವೇನು ಮಹಾ, 60 ಪ್ರಶ್ನೆ. ಮನೆಗಳಿಗೆ ಮೊದಲೇ ಸ್ಟಿಕ್ಕರ್ ಅಂಟಿಸಿದ್ದು ಕರೆಂಟ್ ಮೀಟರ್ ನೋಡುವವರು. (ಅವರದ್ದೂ ಅದು ಕೆಲಸವಲ್ಲ, ಇರಲಿ.) ಆ್ಯಪ್ ತೋರಿಸಿದ ಕಡೆ ಮನೆ ಇರಲಿಲ್ಲ, ಮನೆ ಇದ್ದ ಕಡೆ ನೆಟ್‌ವರ್ಕ್ ಇರಲಿಲ್ಲ. ಎರಡೂ ಸಿಕ್ಕ ಕಡೆ ಗೇಟಿನಲ್ಲೇ ಸಂದರ್ಶನ:

"ಅಮ್ಮಾ, ಮೊಬೈಲಿಗೆ ಒಟಿಪಿ ಬಂದಿರುತ್ತೆ, ಸ್ವಲ್ಪ ಹೇಳಿ."

"ಒಟಿಪಿ ಯಾರಿಗೂ ಹೇಳಬಾರದು ಅಂತ ನೀವೇ ಅಲ್ವಾ ಸಾರ್, ಕ್ಲಾಸಲ್ಲಿ ನಮ್ಮ ಹುಡುಗನಿಗೆ ಹೇಳಿಕೊಟ್ಟಿದ್ದು?"

ಆ ವರ್ಷ ಪಾಠ ಫಲ ಕೊಟ್ಟಿದ್ದು ಇದೊಂದೇ ಕಡೆ ಇರಬೇಕು.

2015ರಲ್ಲೂ ಮೇಷ್ಟ್ರುಗಳು ಹೀಗೇ ಮನೆ ಮನೆ ಸುತ್ತಿದ್ದರು. ವರದಿ ಸರ್ಕಾರದ ಕೈ ಸೇರಿದ್ದು 2024ರಲ್ಲಿ. ಮರುವರ್ಷ, 'ಹತ್ತು ವರ್ಷ ಹಳೇದಾಯ್ತು, ಮತ್ತೆ ಮಾಡಿ' ಎಂದರು. ಕಾಪಿ ಬುಕ್ ತಿದ್ದದೆ ಬೀರುವಿನಲ್ಲಿಟ್ಟು, ಹಾಳೆ ಹಳದಿಯಾಯ್ತು ಇನ್ನೊಂದ್ಸಲ ಬರಿ ಅಂತ ಯಾವ ಮೇಷ್ಟ್ರಾದರೂ ಮಗುವಿಗೆ ಹೇಳಿದ್ದರೆ ಸಂಜೆಯೊಳಗೆ ಸಸ್ಪೆಂಡ್ ಆಗಿರುತ್ತಿದ್ದರು.

ಶಾಲೆ ತೆರೆದಿರುವ ದಿನಗಳಲ್ಲಾದರೂ ಪಾಠ ಎಂದುಕೊಂಡಿರಾ? ಮೊಟ್ಟೆ ಇದೆಯಲ್ಲ. ಮಕ್ಕಳಿಗೆ ಮೊಟ್ಟೆ ಸಿಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೊಳ್ಳುವುದು, ಎಣಿಸುವುದು, ಒಡೆದದ್ದನ್ನು ಬೇರೆ ಮಾಡುವುದು, ಯಾರಿಗೆ ಮೊಟ್ಟೆ ಯಾರಿಗೆ ಬಾಳೆಹಣ್ಣು ಎಂದು ಬರೆದಿಡುವುದು, ಎಲ್ಲ ಹೆಡ್‌ಮೇಷ್ಟ್ರ ತಲೆಗೆ. ಸರ್ಕಾರ ಒಂದಕ್ಕೆ ಕೊಡುವುದು 6 ರೂಪಾಯಿ. ಅಂಗಡಿಯಲ್ಲಿ ರೇಟು 7 ದಾಟಿದ ದಿನ ಉಳಿದ ದುಡ್ಡು ಎಲ್ಲಿಂದ ಬರುತ್ತದೆ ಎಂಬ ಲೆಕ್ಕ ಯಾವ ಗಣಿತ ಪುಸ್ತಕದಲ್ಲೂ ಇಲ್ಲ. ಅವರ ಜೇಬಿಗೆ ಮಾತ್ರ ಉತ್ತರ ಗೊತ್ತು.

ಇದರ ಮಧ್ಯೆ ವಾಟ್ಸ್ಆ್ಯಪ್ ಗ್ರೂಪಿನಲ್ಲಿ 'ಅತಿ ಜರೂರು' ಬರುತ್ತದೆ. ಸಂಜೆ 5ರೊಳಗೆ ಮಾಹಿತಿ ಕಳಿಸಿ ಎಂದು 4.40ಕ್ಕೆ. ಬಹುಪಾಲು ಹೋದ ವಾರ ಕಳಿಸಿದ ಮಾಹಿತಿಯೇ, ಈ ಸಲ ಎಕ್ಸೆಲ್‌ನಲ್ಲಿ ಬೇಕಂತೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಕುಸಿದರೆ ಮಾತ್ರ ಎಲ್ಲರಿಗೂ ತಟ್ಟನೆ ನೆನಪಾಗುತ್ತದೆ: ಅರೆ, ಇವರು ಪಾಠ ಮಾಡಬೇಕಿತ್ತಲ್ಲ! ಆಗ ಕಾರಣ ಕೇಳಿ ನೋಟಿಸ್.

ಈಗ ಹೊಸದು ನಾಯಿ. ಶಾಲೆಯಂಥ ಜಾಗಗಳಿಗೆ ಬೀದಿನಾಯಿ ನುಗ್ಗದಂತೆ ನೋಡಿಕೊಳ್ಳಲು ನೋಡಲ್ ಅಧಿಕಾರಿ ಇರಬೇಕು ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರ್ 7ರಂದು ಹೇಳಿತು. ಮಕ್ಕಳ ಸುರಕ್ಷತೆಯ ಮಾತು, ಒಪ್ಪೋಣ. ಆದರೆ ಇಬ್ಬರೇ ಮೇಷ್ಟ್ರಿರುವ ಹಳ್ಳಿ ಶಾಲೆಯಲ್ಲಿ ಆ ಅಧಿಕಾರಿ ಯಾರಾಗಬಹುದು, ನೀವೇ ಊಹಿಸಿ. ನಾಯಿಗೆ ಸುತ್ತೋಲೆ ಓದಲು ಬರುವುದಿಲ್ಲ. ಕಲಿಸೋಣ ಅಂದರೆ ಮೇಷ್ಟ್ರಿಗೆ ಟೈಮಿಲ್ಲ.