ಪ್ರೋಟೀನ್ ಪುಡಿ ನೇರ ಮೆದುಳಿಗೆ ಹೋಗುತ್ತಾ? ಸತ್ಯಾಂಶ ಇಲ್ಲಿದೆ

"ಈ ಪ್ರೋಟೀನ್ ಪುಡಿ ಹಾಲಿಗೆ ಹಾಕಿ ಕುಡಿಸಿ, ನೇರ ಮೆದುಳಿನ ನರಕ್ಕೆ ಹೋಗಿ ನೆನಪಿನ ಶಕ್ತಿ ಜಾಸ್ತಿ ಮಾಡುತ್ತದೆ" ಅನ್ನೋ ಫಾರ್ವರ್ಡ್ ನೋಡಿರುತ್ತೀರಿ. ಹಾಗೇನೂ ಆಗುವುದಿಲ್ಲ. ತಿಂದ ಪ್ರೋಟೀನ್ ಹೊಟ್ಟೆ, ಕರುಳಲ್ಲೇ ಒಡೆದು ಬಹುಪಾಲು ಅಮೈನೊ ಆಮ್ಲಗಳೆಂಬ ಸಣ್ಣ ತುಣುಕುಗಳಾಗುತ್ತದೆ, ಬೇಳೆಯದಾದರೂ ಅಷ್ಟೇ, ದುಬಾರಿ ಡಬ್ಬಿಯದಾದರೂ ಅಷ್ಟೇ. ಆ ತುಣುಕುಗಳಿಂದ ತನಗೆ ಬೇಕಾದ ಪ್ರೋಟೀನನ್ನು ನರಕೋಶ ತಾನೇ ಕಟ್ಟಿಕೊಳ್ಳುತ್ತದೆ.

ಅದೂ ಬರೀ ಕೋಶದ ನಡುಭಾಗದಲ್ಲಿ ಅಲ್ಲ. 1982ರಲ್ಲಿ ವಿಜ್ಞಾನಿಗಳಾದ ಆಸ್ವಾಲ್ಡ್ ಸ್ಟೀವರ್ಡ್ ಮತ್ತು ವಿಲಿಯಂ ಲೆವಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ನರಕೋಶದ ಡೆಂಡ್ರೈಟ್ ಎಂಬ ಕವಲುಗಳ ಮೇಲೆ ಸಂದೇಶ ಬಂದು ಸೇರುವ ಪುಟ್ಟ ಮುಳ್ಳುಗಳ ಬುಡದಲ್ಲೇ ಪ್ರೋಟೀನ್ ತಯಾರಿಸುವ ರೈಬೋಸೋಮ್ ಗುಂಪುಗಳು ಕಂಡವು.

ಈಗಂತೂ ಕೆಲಸ ನಡೆಯುವಾಗಲೇ ನೋಡಬಹುದು! 2016ರಲ್ಲಿ ಹಲವು ಲ್ಯಾಬ್‌ಗಳು ಬಳಸಿದ ಸನ್‌ಟ್ಯಾಗ್ ವಿಧಾನದಲ್ಲಿ ಎಂಆರ್‌ಎನ್‌ಎ (ಪ್ರೋಟೀನ್ ಹೇಗೆ ಕಟ್ಟಬೇಕೆಂಬ ಸೂಚನೆ ಹೊತ್ತ ಅಣು) ಒಂದು ಬಣ್ಣದ ಚುಕ್ಕೆ. ಹೊಸ ಪ್ರೋಟೀನಿನ ತುದಿ ರೈಬೋಸೋಮಿನಿಂದ ಹೊರಬರುತ್ತಿದ್ದಂತೆ ಹೊಳೆಯುವ ಪ್ರತಿಕಾಯದ ತುಣುಕುಗಳು ಅದಕ್ಕೆ ಅಂಟಿಕೊಂಡು ಇನ್ನೊಂದು ಬಣ್ಣ ಮೂಡುತ್ತದೆ. ಎರಡೂ ಒಂದೇ ಕಡೆ ಕಂಡರೆ ಅಲ್ಲಿ ತಯಾರಿ ನಡೀತಿದೆ ಅಂತ ಲೆಕ್ಕ. ಒಂದೇ ಎಂಆರ್‌ಎನ್‌ಎ ಕೆಲಸ ಮಾಡಿ, ನಿಂತು, ಮತ್ತೆ ಶುರು ಮಾಡುವುದೂ ಕಂಡಿದೆ. ಮಜಾ ಅಲ್ವಾ? ಆದರೆ ಇವೆಲ್ಲ ಹೆಚ್ಚಾಗಿ ಲ್ಯಾಬಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳಲ್ಲಿ, ಕೆಲವೊಮ್ಮೆ ಇಲಿಯ ನರಕೋಶಗಳಲ್ಲಿ ನೋಡಿದ್ದು, ಪುಡಿ ಕುಡಿದ ಮಕ್ಕಳಲ್ಲಿ ಅಲ್ಲ.