ಮಲ ಕಪ್ಪಗಾಗುತ್ತೆ ಅಂತ ಯಾರಾದ್ರೂ ಹೇಳಿದ್ದಾರಾ?

ತಾಯಂದಿರ ಅಸಡ್ಡೆಯಿಂದಲೇ ಮಕ್ಕಳ ರಕ್ತಹೀನತೆ ತಡೆಯಲು ಕೊಡುವ ಕಬ್ಬಿಣದ ಸಿರಪ್ ಮೂಲೆ ಸೇರುತ್ತಿದೆ ಎಂದು ಬರೆದಿದ್ದೀರಿ. ಇದನ್ನು ಖಂಡಿತ ಒಪ್ಪುವುದಿಲ್ಲ. ನಮ್ಮ ಮನೆಯಲ್ಲಿ ಮಗುವಿನ ಮಲ ಕಪ್ಪಗಾದದ್ದು ನೋಡಿ ಅತ್ತೆ ಗಾಬರಿಯಾಗಿ ಬಾಟಲಿ ಎತ್ತಿಟ್ಟುಬಿಟ್ಟರು. ಕಬ್ಬಿಣ ಕೊಟ್ಟಾಗ ಹಾಗಾಗುವುದು ಸಹಜ, ಹೆದರಬೇಡಿ ಅಂತ ಮೊದಲೇ ಒಂದು ಮಾತು ಹೇಳಿದ್ದರೆ ಸಾಕಿತ್ತು, ಅಲ್ವಾ? 6 ತಿಂಗಳಿಂದ 5 ವರ್ಷದ ಮಕ್ಕಳಿಗೆ ವಾರಕ್ಕೆ ಎರಡು ಸಲ 1 ಮಿ.ಲೀ. ಕೊಡಬೇಕು, ಹಾಲಿನ ಜೊತೆ ಬೇಡ. ಸುಮ್ನೆ ಬಾಟಲಿ ಕೈಗಿಟ್ಟು ಕಳಿಸಿದರೆ ಇದೆಲ್ಲ ಹೇಗೆ ಗೊತ್ತಾಗಬೇಕು? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ ಈ ವಯಸ್ಸಿನ ಶೇ 67ರಷ್ಟು ಮಕ್ಕಳಿಗೆ ರಕ್ತಹೀನತೆ ಇದೆ. ಹಿಂದಿನ ಸಮೀಕ್ಷೆಗಿಂತ ಜಾಸ್ತಿ! ಅಷ್ಟೂ ಮಕ್ಕಳ ತಾಯಂದಿರು ಅಸಡ್ಡೆಯವರೇ?